ಉಕ್ಕನ್ನು ಕೊರೆಯುವ ಮೊನೆಯ ಆಯುಸ್ಸು

ಬಡಗಿಯು ಬೈರಿಗೆಯಿಂದ ಹಲಗೆಗೆ ರಂಧ್ರವಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮೊನೆ ಮೊಂಡಾಯಿತೆಂದು ತೋರಿದರೆ ಅವನು ಅದನ್ನು ಹೊರತೆಗೆದು, ಬೆರಳಿನಿಂದ ಸವರಿ, ಸಾಣೆಗೆ ಹಿಡಿಯುತ್ತಾನೆ. ಆದರೆ ಉಕ್ಕಿನ ದಿಂಡಿನಲ್ಲಿ ಒಂದಂಗುಲ ಅಗಲದ, ಆರಡಿ ಆಳದ ರಂಧ್ರವನ್ನು ಕೊರೆಯುವವನ ಪಾಡೇನು? ಅವನ ಮೊನೆ ದುಡಿಯುವುದು ಕಣ್ಣಿಗೆ ಕಾಣದ ಕತ್ತಲೆಯಲ್ಲಿ. ವ್ಯಾಸದ ಹತ್ತರಷ್ಟನ್ನು ಮೀರಿದ ಇಂತಹ ರಂಧ್ರಗಳನ್ನು ಕೊರೆಯುವ ವಿದ್ಯೆಯು ಬಂದೂಕದ ನಳಿಗೆಗಳ ನಿರ್ಮಾಣದಲ್ಲಿ ಬೆಳೆದು, ಇಂದು ಎಂಜಿನುಗಳ ಭಾಗಗಳಿಗೂ ಅಚ್ಚುಗಳಿಗೂ ಅವಶ್ಯವಾಗಿದೆ.

ಮೊನೆಯ ಪರಮ ಶತ್ರು ಶಾಖ. ಮ್ಯೂನಿಕ್ ನಗರದ ಫಿರಂಗಿ ಕಾರ್ಖಾನೆಯಲ್ಲಿ ಕೌಂಟ್ ರಮ್‌ಫರ್ಡನು ನಡೆಸಿ 1798ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾದುದು. ಮೊಂಡು ಹತಾರವೊಂದನ್ನು ಬಲವಾಗಿ ಒತ್ತಿ, ಲೋಹದ ದಿಂಡನ್ನು ಕುದುರೆಯ ಬಲದಿಂದ ತಿರುಗಿಸಲು, ಸುತ್ತಲಿನ ನೀರು ಬೆಂಕಿಯಿಲ್ಲದೆಯೇ ಎರಡೂವರೆ ಗಂಟೆಗಳಲ್ಲಿ ಕುದಿಯಿತು. ಹರಿತವಾದ ಮೊನೆ ಕತ್ತರಿಸುತ್ತದೆ; ಮೊಂಡಾದುದು ಉಜ್ಜುತ್ತದೆ. ಉಜ್ಜಿದಷ್ಟೂ ಶಾಖ, ಶಾಖವೇರಿದಷ್ಟೂ ಸವೆತ.

ಈ ಸವೆತಕ್ಕೆ ಲೆಕ್ಕವಿಟ್ಟವನು ಅಮೆರಿಕದ ಎಫ್. ಡಬ್ಲ್ಯೂ. ಟೇಲರ್. 26 ವರ್ಷ ಪ್ರಯೋಗ ನಡೆಸಿ, ಎಂಟು ಲಕ್ಷ ಪೌಂಡಿಗೂ ಮೀರಿದ ಕಬ್ಬಿಣ, ಉಕ್ಕುಗಳನ್ನು ಚೂರುಮಾಡಿ, 1906ರಲ್ಲಿ ಅವನು ತನ್ನ ಫಲಿತಾಂಶಗಳನ್ನು ಮಂಡಿಸಿದನು. ಅವನ ಸೂತ್ರದ ಪ್ರಕಾರ, ಆ ಕಾಲದ ಅತಿವೇಗದ ಉಕ್ಕಿನ ಹತಾರಗಳಲ್ಲಿ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಆಯುಸ್ಸು ಅರ್ಧಕ್ಕಿಂತಲೂ ಕಡಿಮೆಯಾಗುವುದು. ಆತುರದ ಬೆಲೆ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿ ಬರೆದಿದೆ? ಮುಂದೆ 1920ರ ದಶಕದಲ್ಲಿ ಜರ್ಮನಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡು ಬಂದಿತು. ಅದು ಹೆಚ್ಚು ಶಾಖವನ್ನು ತಾಳುತ್ತದೆ; ಆದರೆ ಪೆಟ್ಟನ್ನು ತಾಳದೆ ಚಕ್ಕೆಯೇಳುತ್ತದೆ.

ಆಳದ ರಂಧ್ರದಲ್ಲಿ ಇನ್ನೊಂದು ತೊಡಕುಂಟು. ಕತ್ತರಿಸಿದ ಚೂರುಗಳು ಹೊರಬರಬೇಕು. ಅದಕ್ಕಾಗಿ ಹತಾರದ ಒಡಲಿನೊಳಗಿಂದ ಎಣ್ಣೆಯನ್ನು ಒತ್ತಡದಿಂದ ಹಾಯಿಸಿ, ಅದರ ಪಕ್ಕದ ತೋಡಿನ ಮೂಲಕ ಚೂರುಗಳನ್ನು ತೊಳೆದು ತರುತ್ತಾರೆ. ಚೂರು ಉದ್ದವಾಗಿ ಸುತ್ತಿಕೊಂಡರೆ ದಾರಿ ಕಟ್ಟುತ್ತದೆ, ಎಣ್ಣೆ ತಡೆಯುತ್ತದೆ, ಮೊನೆ ಸುಟ್ಟು ಮುರಿಯುತ್ತದೆ. ಮುರಿದ ತುಂಡು ಆರಡಿ ಆಳದಲ್ಲಿ ಸಿಕ್ಕಿಕೊಂಡರೆ, ಹತಾರದ ಜೊತೆಗೆ ಬೆಲೆಬಾಳುವ ದಿಂಡೂ, ಅದಕ್ಕೆ ಸುರಿದ ಶ್ರಮವೂ ವ್ಯರ್ಥ.

ಆದ್ದರಿಂದ ಕುಶಲನಾದ ಕೆಲಸಗಾರನು ಕಾಣದುದನ್ನು ಕುರುಹುಗಳಿಂದ ಅರಿಯುತ್ತಾನೆ. ಚೂರಿನ ಆಕಾರ ಬದಲಾದುದು, ಎಣ್ಣೆಯ ಒತ್ತಡ ಏರಿದುದು, ಯಂತ್ರದ ದನಿ ಕರ್ಕಶವಾದುದು—ಇವು ಒಳಗಿನಿಂದ ಬರುವ ಸಮಾಚಾರಗಳು. ಮೊನೆಯ ಸವೆತವು ಮೊದಲು ಬೇಗನೆ, ನಡುವೆ ಬಹುಕಾಲ ನಿಧಾನವಾಗಿ, ಕೊನೆಗೆ ಹಠಾತ್ತನೆ ಸಾಗುವುದು. ಆ ಕೊನೆಯ ಘಟ್ಟಕ್ಕೆ ಮೊದಲೇ ಹಿಂದೆಗೆದರೆ ಸಾಣೆಯಲ್ಲಿ ಹೋಗುವುದು ಒಂದು ಕೂದಲೆಳೆಯಷ್ಟು. ತಡಮಾಡಿದರೆ ಇಡೀ ಮೊನೆ. ಇನ್ನೂ ಕತ್ತರಿಸುತ್ತಿದೆಯಲ್ಲಾ ಎಂಬ ಲೋಭವನ್ನು ಗೆದ್ದು, ಸಕಾಲದಲ್ಲಿ ಕೈ ತಡೆಯುವುದೇ ಈ ವಿದ್ಯೆಯ ತಿರುಳೆಂದು ನಾವು ಭಾವಿಸುತ್ತೇವೆ.