ಮುಂದಿನ ತಲೆಮಾರಿಗೆ ನಾವು ಏನನ್ನು ದಾಟಿಸುತ್ತಿದ್ದೇವೆ?

(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ – ಸೆಪ್ಟೆಂಬರ್ 8. ಮೀಕ 5:1-4, ಮತ್ತಾಯ 1:1-16, 18-23)



ಇಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಹುಟ್ಟುಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತಿದೆ. ನೊವೇನದ ದಿನಗಳಲ್ಲಿ ನಮ್ಮ ಮಕ್ಕಳು ಬಾಲಮಾತೆಯ ಪಾದಕ್ಕೆ ಹೂಗಳನ್ನು ಅರ್ಪಿಸಿದ್ದಾರೆ. ಇನ್ನು ಸ್ವಲ್ಪ ಹೊತ್ತಿನಲ್ಲಿ, ಆಶೀರ್ವದಿಸಿದ ಹೊಸ ತೆನೆಯನ್ನು ನಾವು ಮನೆಗೆ ಕೊಂಡೊಯ್ದು, ಅದರ ಕಾಳನ್ನು ಅರೆದು ಹಾಲಿಗೆ ಬೆರೆಸಿ, ಮನೆಮಂದಿಯೆಲ್ಲ ಒಟ್ಟಾಗಿ ಸೇವಿಸಲಿದ್ದೇವೆ.

ಇಂದಿನ ಶುಭಸಂದೇಶದಲ್ಲಿ ಸಂತ ಮತ್ತಾಯರು ಯೇಸುಸ್ವಾಮಿಯ ವಂಶಾವಳಿಯನ್ನು ನಮ್ಮ ಮುಂದಿಡುತ್ತಾರೆ. ಹೆಸರುಗಳ ಈ ಉದ್ದನೆಯ ಸಾಲನ್ನು ಕೇಳುವಾಗ ನಮಗೆ ಬೇಸರವಾಗುವುದುಂಟು. ಆದರೆ ಹಿರಿಯರಿಂದ ಮಕ್ಕಳಿಗೆ ಬರುವುದು ಬರೀ ಹೆಸರಲ್ಲ. ಆ ವಂಶದಲ್ಲಿ ಅಬ್ರಹಾಮನ ವಿಶ್ವಾಸವೂ ಹರಿದು ಬಂತು, ದಾವೀದನ ಪಾಪದ ನೋವೂ ಹರಿದು ಬಂತು. ಹಾಗಾದರೆ ನಾವು ನಮ್ಮ ಮುಂದಿನ ತಲೆಮಾರಿಗೆ ಏನನ್ನು ದಾಟಿಸುತ್ತಿದ್ದೇವೆ?

ಈ ಪ್ರಶ್ನೆಗೆ ಉತ್ತರ ಕಾಣಲು ನಾವು ಲೋಕದ ಉತ್ತರ ತುದಿಯತ್ತ ಒಮ್ಮೆ ನೋಡೋಣ. ಕೆನಡಾ ದೇಶದ ಆರ್ಕ್ಟಿಕ್ ಹಿಮಪ್ರದೇಶದಲ್ಲಿ ಇನುಯಿಟ್ ಎಂಬ ಜನರಿದ್ದಾರೆ. ಅಲ್ಲಿ ಗದ್ದೆಯಿಲ್ಲ, ತೆನೆಯಿಲ್ಲ. ಮೀನು, ಸೀಲ್, ತಿಮಿಂಗಿಲಗಳೇ ಅವರಿಗೆ ದೇವರು ಕೊಟ್ಟ ಅನ್ನ. 1980ರ ದಶಕದ ಕೊನೆಯಲ್ಲಿ ಡಾ. ಎರಿಕ್ ದೆವಾಯಿ ಎಂಬ ಸಂಶೋಧಕರು ಕ್ವಿಬೆಕ್ ಪ್ರಾಂತ್ಯದ ತಾಯಂದಿರ ಎದೆಹಾಲನ್ನು ಪರೀಕ್ಷಿಸುತ್ತಿದ್ದರು. ಕಾರ್ಖಾನೆಗಳೇ ಇಲ್ಲದ ಉತ್ತರದ ಇನುಯಿಟ್ ತಾಯಂದಿರ ಹಾಲು ಶುದ್ಧವಾಗಿರುತ್ತದೆ, ಅದರೊಂದಿಗೆ ಉಳಿದವರ ಹಾಲನ್ನು ಹೋಲಿಸಬಹುದು ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಪಿಸಿಬಿ ಎಂಬ ಕೈಗಾರಿಕಾ ವಿಷ ಆ ಹಾಲಿನಲ್ಲೇ ಸುಮಾರು ಐದು ಪಟ್ಟು ಹೆಚ್ಚಾಗಿತ್ತು!

ಈ ವಿಷ ಅಲ್ಲಿಗೆ ಹೇಗೆ ಬಂತು? ಬೆಚ್ಚಗಿನ ನಾಡುಗಳಲ್ಲಿ ಬಳಸಿದ ರಾಸಾಯನಿಕಗಳು ಬಿಸಿಲಿಗೆ ಆವಿಯಾಗಿ, ಗಾಳಿಯಲ್ಲಿ ಸಾಗಿ, ತಂಪಾದಲ್ಲಿ ಇಳಿದು, ಮತ್ತೆ ಎದ್ದು, ಮಿಡತೆಯಂತೆ ಹಾರಿ ಹಾರಿ ಹಿಮದ ನಾಡನ್ನು ಸೇರುತ್ತವೆ. ಸಮುದ್ರದ ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ ಹೋಗುತ್ತಾ ಕೊಬ್ಬಿನಲ್ಲಿ ಹೆಚ್ಚುತ್ತವೆ. ಕೊನೆಗೆ ತಾಯಿಯ ಮೂಲಕ ಕೂಸನ್ನು ಸೇರುತ್ತವೆ. ಆದರೂ ಎದೆಹಾಲನ್ನು ನಿಲ್ಲಿಸಬೇಡಿ, ಅದರ ಒಳಿತೇ ದೊಡ್ಡದು ಎಂದು ವೈದ್ಯರು ಸಲಹೆಯಿತ್ತರು. ಕೂಸನ್ನು ಎದೆಗೆ ಹಿಡಿದ ಆ ತಾಯಿಯ ಮನಸ್ಸು ಹೇಗಿದ್ದಿರಬೇಕು! ಅವಳು ಮಾಡಿದ ತಪ್ಪೇನು?

ಕೆನಡಾ ಸರ್ಕಾರ ಈ ವಿಷಗಳ ಅಧ್ಯಯನಕ್ಕಾಗಿ 1991ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಉತ್ತರ ಧ್ರುವದಿಂದ ಸುಮಾರು 800 ಕಿಲೋಮೀಟರ್ ದೂರದಲ್ಲಿ ಅಲರ್ಟ್ ಎಂಬ ನೆಲೆಯಿದೆ. ಸರ್ಕಾರದ ವಿಜ್ಞಾನಿಗಳು 1992ರಿಂದ ಅಲ್ಲಿಯ ಗಾಳಿಯನ್ನು ಸಂಗ್ರಹಿಸಿ ಅದರಲ್ಲಿರುವ ವಿಷವನ್ನು ಅಳೆದರು. ಇಂಥ ತಾಳ್ಮೆಯ ದುಡಿಮೆಯೂ ನೆರೆಯವರ ಸೇವೆಯೇ.

ಚಿಕ್ಕ ಊರಾದ ಬೆತ್ಲೆಹೇಮಿನಿಂದ ಮಹತ್ತಾದುದು ಬರುವುದೆಂದು ಮೀಕ ಪ್ರವಾದಿ ಇಂದಿನ ವಾಚನದಲ್ಲಿ ಸಾರುತ್ತಾನೆ. ಈ ಚಿಕ್ಕ ಜನಾಂಗದ ದನಿಯೂ ಲೋಕಕ್ಕೆ ಕೇಳಿಸಿತು. 1999ರಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ಮಾತುಕತೆಗೆ ಸೇರಿದಾಗ, ಇನುಯಿಟ್ ಮುಖಂಡೆ ಶೀಲಾ ವಾಟ್-ಕ್ಲೂಟಿಯೆ ಅವರು ತಾಯಿ-ಮಗುವಿನ ಒಂದು ಕೆತ್ತನೆಯನ್ನು ಕಾಣಿಕೆಯಾಗಿ ನೀಡಿದರು. ಅದು ಅಧ್ಯಕ್ಷರ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತಿತ್ತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಗಿ, 2004ರಲ್ಲಿ ಜಾರಿಗೆ ಬಂತು. ಮುಂದೆ ಇನುಯಿಟ್ ತಾಯಂದಿರ ರಕ್ತದಲ್ಲಿ ಪಿಸಿಬಿಯಂಥ ಹಳೆಯ ವಿಷಗಳ ಪ್ರಮಾಣ ಇಳಿಯಿತು. ದೇವರಿಗೆ ಸ್ತೋತ್ರ!

ಪ್ರಿಯರೇ, ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕಾಸರಗೋಡಿನಲ್ಲೂ ನಮ್ಮ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಲೂ ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಲ್ಲಿನ ಮನೆಗಳ ಸಂಕಟವನ್ನು ನಾವು ಬಲ್ಲೆವು. ಅದೇ ಎಂಡೋಸಲ್ಫಾನ್ ಅಲರ್ಟ್‌ನ ಗಾಳಿಯಲ್ಲೂ ಸಿಕ್ಕಿತು. ಯಾರ ತೋಟದಿಂದ ಹೊರಟದ್ದೆಂದು ಗಾಳಿ ಹೇಳುವುದಿಲ್ಲ. 2011ರಲ್ಲಿ ಅದನ್ನೂ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯೊಡ್ಡಿತು.

ಮತ್ತೊಂದು ಎಚ್ಚರಿಕೆಯೂ ಇದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಲೋಕದ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿದೆಯೆಂದು ಫಿನ್ಲೆಂಡಿನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ತಿಳಿಸಿದರು. ಹಿಮ ಕರಗಿದಂತೆ, ಹಿಮದಲ್ಲೂ ಕಡಲಲ್ಲೂ ಅಡಗಿದ್ದ ಹಳೆಯ ವಿಷ ಮತ್ತೆ ಗಾಳಿಗೇಳುತ್ತಿದೆಯೆಂದು ಕೆನಡಾದ ಸರ್ಕಾರಿ ವಿಜ್ಞಾನಿಗಳು 2011ರಲ್ಲೇ ಪ್ರಕಟಿಸಿದ್ದರು. ಅಜ್ಜನ ಕಾಲದಲ್ಲಿ ಚೆಲ್ಲಿದ್ದು ಮೊಮ್ಮಗನ ಉಸಿರಿಗೆ ಬರುತ್ತಿದೆ. ಇದೂ ಒಂದು ವಂಶಾವಳಿಯಲ್ಲವೇ?

ಆ ಕಾಲದಲ್ಲಿ, 2007ರಿಂದ 2015ರವರೆಗೆ, ಆ ವಿಜ್ಞಾನಿಗಳು ಪತ್ರಕರ್ತರೊಡನೆ ಮಾತನಾಡಲೂ ಮೇಲಿನವರ ಅಪ್ಪಣೆಗೆ ಕಾಯಬೇಕಿತ್ತು. ಕಹಿಸತ್ಯ ಹೇಳುವವರನ್ನು ಸುಮ್ಮನಾಗಿಸುವುದು ಹೆರೋದನ ಕಾಲದಿಂದಲೂ ಇದೆ. ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ ಅಂಥವರ ಮಾತನ್ನು ನಾವು ಕೇಳಿಸಿಕೊಳ್ಳುತ್ತೇವೆಯೇ?

ಈ ಹಬ್ಬದ ದಿನ ಎರಡು ತೀರ್ಮಾನಗಳನ್ನು ಮಾಡೋಣ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಲೋಟ ತಟ್ಟೆಗಳನ್ನು ಹಿತ್ತಲಲ್ಲಿ ರಾಶಿ ಹಾಕಿ ಸುಡದಿರೋಣ. ಆ ಹೊಗೆಯಲ್ಲಿ ಹುಟ್ಟುವ ಡಯಾಕ್ಸಿನ್ ಕೂಡ ಇದೇ ಜಾತಿಯ ವಿಷ. ತೋಟಕ್ಕೆ ಮದ್ದು ಹೊಡೆಯುವ ಮುನ್ನ, ಅದು ನಿಜಕ್ಕೂ ಬೇಕೇ, ಎಷ್ಟು ಬೇಕು ಎಂದು ತಿಳಿದವರನ್ನು ಕೇಳೋಣ.

ದೇವರು ನಮ್ಮೊಡನಿರಲು ಒಬ್ಬ ತಾಯಿಯ ಹಾಲನ್ನು ಕುಡಿದು ಬೆಳೆದರು. ಇಂದು ಮನೆಯಲ್ಲಿ ತೆನೆಹಾಲನ್ನು ಕೈಗೆತ್ತಿಕೊಂಡಾಗ, ನಾವು ಎಂದೂ ಕಾಣದ ಆ ತಾಯಂದಿರನ್ನೂ ಅವರ ಕೂಸುಗಳನ್ನೂ ನೆನೆದು ಒಂದು ನಮೋ ಮರಿಯ ಹೇಳೋಣ. ಮಾತೆ ಮರಿಯಮ್ಮ ನಮಗಾಗಿ ಪ್ರಾರ್ಥಿಸಲಿ. ಆಮೆನ್.