ಗುಳೆ ಹೋದವರ ವಿಳಾಸ



ಮುಂಬಯಿ–ಬೆಂಗಳೂರು ನಡುವಿನ ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿಯಲ್ಲಿ ನಿಲ್ಲುತ್ತದೆ. ಸುಗ್ಗಿ ಮುಗಿದ ಮೇಲೆ ಸ್ಟೇಷನ್ನಿಗೆ ಹೋಗಿ ನೋಡಿ. ಜೋಳದ ಹಿಟ್ಟಿನ ಚೀಲ, ಸುತ್ತಿ ಕಟ್ಟಿದ ಹಾಸಿಗೆ, ಬೋಗುಣಿ, ಕಂಕುಳಲ್ಲಿ ಕೂಸು. ಕೆಲವರು ಮುಂಬಯಿ ಕಡೆ, ಕೆಲವರು ಬೆಂಗಳೂರು ಕಡೆ. ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿನವರು ರಾತ್ರಿ ಬಸ್ಸು ಹತ್ತುತ್ತಾರೆ. ಕೇಳಿದರೆ, ‘ದುಡಿಯಾಕ ಹೊಂಟೇವ್ರಿ’ ಎನ್ನುತ್ತಾರೆ.

ಗುಳೆಯ ಮಾತು ಬಂದಾಗ ಮಳೆ, ಬರ, ಸಾಲ, ಮುಂಗಡ ಇವನ್ನೇ ನಾವು ಚರ್ಚಿಸುತ್ತೇವೆ. ಹೋಗಿ ಇಳಿದ ಊರಿನ ಕಟ್ಟಳೆಗಳು ಇವರನ್ನು ಹೇಗೆ ನಡೆಸಿಕೊಂಡಿವೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಇವತ್ತು ಆ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತೇನೆ.

ಮುಂಬಯಿ ಕಡೆಯ ರೈಲುದಾರಿ, ಮದ್ರಾಸ್ ಕಡೆಯ ರೈಲುದಾರಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಐದೇ ವರ್ಷಕ್ಕೆ, 1876ರಲ್ಲಿ, ದಖ್ಖನದ ದೊಡ್ಡ ಬರ ಬಂತು. ಆಗ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ನಿಜಾಮನ ನಾಡಿನ ಕೂಲಿಕಾರರಿಗೆ ಮುಂಬಯಿ ಅದಕ್ಕೂ ಮೊದಲೇ ಪರಿಚಿತ. ಅಲ್ಲಿನ ಕಾಮಾಟಿಪುರಕ್ಕೆ ಹೆಸರು ಬಂದದ್ದು ಹೈದರಾಬಾದ್ ಸಂಸ್ಥಾನದಿಂದ ಹೋದ, ಬಹುಪಾಲು ತೆಲುಗು ಮಾತಿನ, ಕಾಮಾಟಿಗಳಿಂದ. ನಗರವನ್ನು ಕಟ್ಟಿದ ಕೂಲಿಕಾರರು ಅವರು.

ಇತ್ತ ಹೈದರಾಬಾದಿನಲ್ಲಿ ಮುಲ್ಕಿ ನಿಯಮವಿತ್ತು. 1919ರ ಫರ್ಮಾನಿನ ಪ್ರಕಾರ ಹೊರಗಿನವನಿಗೆ ಸಂಸ್ಥಾನದ ನೌಕರಿ ಬೇಕಾದರೆ ಹದಿನೈದು ವರ್ಷ ಅಲ್ಲಿ ನೆಲೆಸಿರಬೇಕು. ಸುರಪುರದವನು ಮುಲ್ಕಿ, ಅಂದರೆ ಒಳಗಿನವನು. 1956ರ ನವೆಂಬರ್ 1ರಂದು ಗಡಿ ಬದಲಾಯಿತು. ಯಾದಗಿರಿಯಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನ ಹೈದರಾಬಾದು ಬೇರೆ ರಾಜ್ಯದ ರಾಜಧಾನಿಯಾಯಿತು. ಐನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರು ನಮ್ಮದಾಯಿತು. ಈ ಬದಲಾವಣೆಯ ಫಲ ಏನೆಂದು ಮುಂದೆ ಹೇಳುತ್ತೇನೆ. ಮೊದಲು ಮುಂಬಯಿಯ ಮಾತು.

1981ರ ಜುಲೈಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ. ಆರ್. ಅಂತುಲೆ, ಮುಂಬಯಿಯ ಫುಟ್‌ಪಾತ್ ವಾಸಿಗಳನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುವುದಾಗಿ ಸಾರಿದರು. ಮಳೆಗಾಲದಲ್ಲೇ ಗುಡಿಸಲು ಕೀಳುವ ಕೆಲಸ ಶುರುವಾಯಿತು. ಕೈಗೆ ಸಿಕ್ಕ ಕಾನೂನು 1888ರ ಮುಂಬಯಿ ಪಾಲಿಕೆ ಕಾಯಿದೆಯ 314ನೆಯ ಕಲಮು: ನೋಟಿಸು ಕೊಡದೆಯೂ ಅಡೆತಡೆ ತೆಗೆಯುವ ಅಧಿಕಾರ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿಗಳಲ್ಲಿ ಕಾಮರಾಜ ನಗರವೆಂಬ ಬಸ್ತಿಯ ಮಾತು ಬರುತ್ತದೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ದಕ್ಕೂ ನೀರಿನ ಕೊಳವೆ ಹಾಕಲು ಬಂದ ಕೂಲಿಗಳು 1960ರ ಸುಮಾರಿಗೆ ಆ ಹೆದ್ದಾರಿಯ ಬಗಲಿಗೇ ಕಟ್ಟಿಕೊಂಡ ಬಸ್ತಿ ಅದು. ನೀರಿನ ಕೊಳವೆ ಹಾಕಿದವರೇ ರಸ್ತೆಗೆ ಅಡ್ಡ ಎನಿಸಿಕೊಂಡರು.

1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠ ತೀರ್ಪು ಕೊಟ್ಟಿತು. ದುಡಿದು ತಿನ್ನುವ ಹಕ್ಕು ಬದುಕುವ ಹಕ್ಕಿನೊಳಗೇ ಇದೆ ಎಂದು ಎತ್ತಿಹಿಡಿಯಿತು. ಆದರೆ ಪಾಲಿಕೆಯ ಕಲಮನ್ನು ರದ್ದು ಮಾಡಲಿಲ್ಲ. ಸಾಮಾನ್ಯವಾಗಿ ನೋಟಿಸು ಕೊಟ್ಟು, ಅವರ ಮಾತು ಕೇಳಿ ತೆರವು ಮಾಡಬಹುದು ಎಂದಿತು. ಹಕ್ಕಿಗೆ ದೊಡ್ಡ ಮಾತು ಸಿಕ್ಕಿತು, ಗುಡಿಸಲು ಮಾತ್ರ ಉಳಿಯಲಿಲ್ಲ. ಮುಂದೆ 2004ರ ಜೂನ್‌ನಲ್ಲಿ ಗೋವಾದ ವಾಸ್ಕೋ ಬಳಿಯ ಬೈನಾ ಕಡಲತೀರದಲ್ಲಿ ಮನೆಗಳು ಬಿದ್ದಾಗ ಬೀದಿಗೆ ಬಂದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರು ಬಹಳ ಮಂದಿ ಇದ್ದರು.

ಅದು ಪರರಾಜ್ಯ ಎನ್ನೋಣ. ನಮ್ಮದೇ ರಾಜಧಾನಿಯಲ್ಲಿ ಏನಾಯಿತು?

ಬೆಂಗಳೂರಿನ ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರವಿದೆ. ಸುತ್ತ ಎತ್ತರದ ಅಪಾರ್ಟ್‌ಮೆಂಟುಗಳು. ನಡುವೆ ಖಾಸಗಿ ಜಾಗದಲ್ಲಿ ತಗಡು, ತಾಡಪಾಲಿನ ಶೆಡ್ಡುಗಳು. ಅಲ್ಲಿದ್ದವರು ಬಾಡಿಗೆ ಕೊಟ್ಟೇ ಇದ್ದರು. ಗೌಂಡಿ ಕೆಲಸ, ಮನೆಗೆಲಸ, ಕಸ ವಿಂಗಡಣೆ, ಕಾವಲು ಅವರ ದುಡಿಮೆ. ಕೆಲವರು ಅಸ್ಸಾಂ, ತ್ರಿಪುರಾದವರು. ಇನ್ನು ಕೆಲವರು ನಮ್ಮ ಉತ್ತರ ಕರ್ನಾಟಕದವರು. 2020ರ ಜನವರಿಯಲ್ಲಿ, ಇವರೆಲ್ಲ ಬಾಂಗ್ಲಾದೇಶದ ನುಸುಳುಕೋರರು ಎಂದು ವಿಡಿಯೊ ಹರಿದಾಡಿತು. ಪಾಲಿಕೆಯ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರೊಬ್ಬರು ತೆರವಿಗೆ ರಕ್ಷಣೆ ಕೋರಿ ಪೊಲೀಸರಿಗೆ ಪತ್ರ ಬರೆದರು. ನೀರು, ಕರೆಂಟು ಮೊದಲೇ ಬಂದ್ ಮಾಡಿದರು ಎಂದು ನಿವಾಸಿಗಳು ಹೇಳಿದ್ದಾರೆ. ಆಮೇಲೆ ಜೆಸಿಬಿ ಬಂತು. ಜನ ಆಧಾರ್ ಕಾರ್ಡು, ವೋಟರ್ ಕಾರ್ಡು ಕೈಯಲ್ಲಿ ಹಿಡಿದು ತೋರಿಸಿದರು. ಕರ್ನಾಟಕದ್ದೇ ಜಿಲ್ಲೆಯ ಹೆಸರು ಕನ್ನಡದಲ್ಲೇ ಅಚ್ಚಾಗಿದ್ದ ಕಾರ್ಡನ್ನು, ಕರ್ನಾಟಕದ ಪೊಲೀಸರ ಎದುರು, ನಾವು ಈ ದೇಶದವರು ಎಂದು ರುಜುವಾತು ಮಾಡಲು ಚಾಚಬೇಕಾಯಿತು. ಇದನ್ನು ನೆನೆದಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅಸ್ಸಾಮಿನವರಿಗಾದ ಅನ್ಯಾಯವೂ ಇಷ್ಟೇ ದೊಡ್ಡದು. ನಿಜವಾಗಿ ಪರದೇಶದವರೇ ಇದ್ದಿದ್ದರೂ ಅದನ್ನು ತೀರ್ಮಾನಿಸಲು ಬೇರೆ ಕಾನೂನಿದೆ. ವಾರ್ಡಿನ ಎಂಜಿನಿಯರಿಗೆ ಆ ಅಧಿಕಾರವಿಲ್ಲ.

ಆಮೇಲೆ ಪಾಲಿಕೆ ಕೈತೊಳೆದುಕೊಂಡಿತು. ನಾಗರಿಕ ಹಕ್ಕುಗಳಿಗೆ ಹೋರಾಡುವ ಪಿಯುಸಿಎಲ್ ಸಂಘಟನೆ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ್ ಅವರ ಪೀಠ ಅದೇ ತಿಂಗಳು ಮುಂದಿನ ತೆರವಿಗೆ ತಡೆ ಕೊಟ್ಟು, ಕಾನೂನಿನ ಬಲವಿಲ್ಲದೆ ಜನರನ್ನು ಎಬ್ಬಿಸಿದ್ದನ್ನು ಪ್ರಶ್ನಿಸಿತು.

ಎರಡೇ ತಿಂಗಳಿಗೆ ಲಾಕ್‌ಡೌನ್. ಮುಂಬಯಿ, ಪುಣೆಯಿಂದ ವಾಪಸು ಬಂದವರಿಂದ ಯಾದಗಿರಿ ಜಿಲ್ಲೆಯ ಶಾಲೆ, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾಗಿ ತುಂಬಿದವು. ಎಷ್ಟು ಜನ ಎಲ್ಲೆಲ್ಲಿ ಇದ್ದಾರೆ ಎಂಬ ಪಟ್ಟಿ ಬಿಟ್ಟ ಊರಿನಲ್ಲೂ ಇರಲಿಲ್ಲ, ಹೋದ ಊರಿನಲ್ಲೂ ಇರಲಿಲ್ಲ.

ಈಗ ಗಡಿಯ ಮಾತಿಗೆ ಬರುತ್ತೇನೆ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂತು. ಅದರ ಪ್ರಕಾರ ಗುತ್ತಿಗೆದಾರ ಪಾಸ್‌ಬುಕ್ ಕೊಡಬೇಕಿತ್ತು, ಪ್ರಯಾಣ ಭತ್ಯೆ ಕೊಡಬೇಕಿತ್ತು, ಇರಲು ತಕ್ಕ ವಸತಿ ಒದಗಿಸಬೇಕಿತ್ತು. ಒಳ್ಳೆಯ ಮಾತುಗಳು. ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಗುತ್ತಿಗೆದಾರನ ಮೂಲಕ ಗುರುಮಠಕಲ್ಲಿನಿಂದ ಹತ್ತಿರದ ಹೈದರಾಬಾದಿಗೆ ಹೋದವನು ವಲಸೆ ಕಾರ್ಮಿಕನಾಗಿದ್ದ; ಸುರಪುರದಿಂದ ದೂರದ ಬೆಂಗಳೂರಿಗೆ ಹೋದವನು ಆ ಕಾಯಿದೆಯ ಲೆಕ್ಕಕ್ಕೇ ಇರಲಿಲ್ಲ. ನಮ್ಮದಾದ ನಗರದಲ್ಲಿ ನಮ್ಮವರಿಗೆ ಆ ಆಸರೆಯೂ ಇರಲಿಲ್ಲ.

ಹೋಲಿಕೆಗೆ ಹೇಳುವುದಾದರೆ, ಚೀನಾದಲ್ಲಿ 1958ರಿಂದ ಹುಕೌ ಎಂಬ ಕುಟುಂಬ ನೋಂದಣಿ ಇದೆ. ಹಳ್ಳಿಯ ನೋಂದಣಿಯವನು ನಗರದಲ್ಲಿ ಎಷ್ಟು ವರ್ಷ ದುಡಿದರೂ ಅಲ್ಲಿನ ಶಾಲೆ, ಆಸ್ಪತ್ರೆ ಸೌಲಭ್ಯಗಳು ಅವನಿಗೆ ಸುಲಭಕ್ಕೆ ದಕ್ಕುತ್ತಿರಲಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ. ಸಂವಿಧಾನದ 19ನೆಯ ವಿಧಿ ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಆದರೂ ಗುಳೆ ಬಂದವರಿಗೆ ಬಾಡಿಗೆ ಕರಾರು ಇಲ್ಲ, ಕರೆಂಟು ಬಿಲ್ಲಿಲ್ಲ, ಆದ್ದರಿಂದ ವಿಳಾಸವಿಲ್ಲ. ವಿಳಾಸವಿಲ್ಲದ್ದಕ್ಕೆ ಗ್ಯಾಸ್ ಇಲ್ಲ, ನಳದ ನೀರಿಲ್ಲ, ವೋಟೂ ಇಲ್ಲ. ವೋಟಿಲ್ಲದವರ ಓಣಿಗೆ ಯಾವ ಪಾಲಿಕೆ ಸದಸ್ಯ ಬಂದಾನು? ಟ್ಯಾಂಕರ್ ನೀರನ್ನು ಡ್ರಮ್ಮಿನ ಲೆಕ್ಕದಲ್ಲಿ ಕೊಂಡು ಕುಡಿಯಬೇಕು.

2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ನನಗೆ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ. ಐದು ರೂಪಾಯಿಗೆ ನಾಷ್ಟಾ, ಹತ್ತು ರೂಪಾಯಿಗೆ ಊಟ. ಯಾವ ಊರು ಎಂದು ಯಾರೂ ಕೇಳುವುದಿಲ್ಲ. ನಗರದ ಸೇವೆಗಳೆಲ್ಲ ಹೀಗೇ ಇರಬಹುದಲ್ಲ? ಮೂರು ತಿಂಗಳು ದುಡಿದವರಿಗೆ ಪಾಲಿಕೆಯೇ ಒಂದು ತಾತ್ಕಾಲಿಕ ವಾಸದ ಚೀಟಿ ಕೊಡಲಿ. ಇತ್ತ ನಮ್ಮ ಗ್ರಾಮ ಪಂಚಾಯಿತಿಗಳು ಗುಳೆ ಹೊರಟವರ ಹೆಸರು, ಹೋಗುವ ಊರು ಬರೆದಿಟ್ಟುಕೊಳ್ಳಲಿ.

ಈ ವರ್ಷ ಹೊರಡುವವರಿಗೆ ನಾಲ್ಕು ಮಾತು. ರೇಷನ್ ಕಾರ್ಡಿಗೆ ಮನೆಯವರೆಲ್ಲರ ಆಧಾರ್ ಜೋಡಣೆಯಾಗಿದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ರೇಷನ್ ಪಡೆಯಬಹುದು. ಟಿ.ಸಿ. ತಡವಾಯಿತೆಂದು ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ; 2009ರ ಶಿಕ್ಷಣ ಹಕ್ಕು ಕಾಯಿದೆ ಹಾಗೆಂದು ಹೇಳಿದೆ. ಗೌಂಡಿ ಕೆಲಸದವರು ವರ್ಷದಲ್ಲಿ ತೊಂಬತ್ತು ದಿನ ದುಡಿದಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿರಿ. ಶೆಡ್ಡು ಕೀಳಲು ಯಾರಾದರೂ ಬಂದರೆ ಲಿಖಿತ ಆದೇಶ ತೋರಿಸಲು ಕೇಳಿರಿ, ಉಚಿತ ಕಾನೂನು ನೆರವಿಗೆ 15100 ನಂಬರಿಗೆ ಫೋನ್ ಮಾಡಿರಿ.