ಮಾಣಿಯ ಮಗಳಿಗೆ ಫ್ರೆಂಚ್ ಏಕೆ?
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ಬೋನಸ್ಸಿನ ಮಾತಿಲ್ಲ, ಗ್ರಾಚ್ಯುಟಿಯ ಮಾತೂ ಇಲ್ಲ. ನಮ್ಮ ಸದಸ್ಯರೊಬ್ಬರ ಮಗಳು ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಭಾಷೆಯ ಆರಂಭದ ತರಗತಿಗೆ ಸೇರಿ ನಾಲ್ಕು ತಿಂಗಳಾಯಿತು. ಒಂದಕ್ಷರವೂ ಬಾರದೆ ಸೇರಿದವಳು. ಈಗ ಬಿಡುತ್ತೇನೆ ಎನ್ನುತ್ತಾಳೆ. ತಂದೆ ನನ್ನಲ್ಲಿಗೆ ಬಂದು, "ಇದು ನಮ್ಮಂಥವರಿಗೆ ಹೇಳಿದ್ದಲ್ಲ ಮಾರಾಯ್ರೆ, ಟ್ಯಾಲಿ ಕ್ಲಾಸಿಗೆ ಹಾಕುತ್ತೇನೆ" ಎಂದರು. ನಾನು ಏಳನೆಯ ತರಗತಿಯವರೆಗೆ ಓದಿದವನು. ಆದರೂ ಆ ಹುಡುಗಿಯ ಪುಸ್ತಕವನ್ನು ನಡುವೆ ಇಟ್ಟುಕೊಂಡು ಮೂರು ಸಂಜೆ ಕುಳಿತೆ. ಅವಳು ಹೇಳಿದಳು, ನಾನು ಕೇಳಿದೆ.

ಆ ಭಾಷೆ ನಮಗೆ ಅಷ್ಟೇನೂ ದೂರದ್ದಲ್ಲ. ಹೋಟೆಲು, ರೆಸ್ಟೋರೆಂಟು, ಮೆನು, ಕೆಫೆ, ಆಮ್ಲೆಟ್, ಕಟ್ಲೆಟ್ ಎಲ್ಲವೂ ಅಲ್ಲಿಂದಲೇ ಇಂಗ್ಲಿಷಿಗೆ ಬಂದು, ಇಂಗ್ಲಿಷಿನಿಂದ ನಮ್ಮ ಕೌಂಟರಿಗೆ ಬಂದವು. ಹೋಟೆಲನ್ನು ಅವರು 'ಒತೆಲ್' ಎನ್ನುತ್ತಾರೆ, 'ಹ'ಕಾರ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಟಿಪ್ಸಿಗೆ ಅವರ ಮಾತು 'ಪೂರ್‌ಬ್ವಾರ್', 'ಕುಡಿಯಲಿಕ್ಕೆ' ಎಂದರ್ಥ. ನಮ್ಮ ಮುಂಬಯಿಯ ಚಾಯ್‌ಪಾನಿಯೇ! ಇನ್ನೂ ಒಂದು ಕೇಳಿ. ಉಡುಪಿ ಹೋಟೆಲುಗಳಲ್ಲಿ ನಮ್ಮನ್ನು 'ಮಾಣಿ' ಎಂದು ಕೂಗುವುದುಂಟಷ್ಟೆ? ಮಾಣಿ ಎಂದರೆ ಹುಡುಗ. ತಲೆ ನೆರೆತ ಸಪ್ಲಾಯರನೂ ಮಾಣಿಯೇ. ಫ್ರಾನ್ಸಿನಲ್ಲಿಯೂ ಅವನಿಗೆ 'ಗಾರ್ಸೋಂ' ಎಂದು ಹೆಸರು. ಅದಕ್ಕೂ ಅರ್ಥ ಹುಡುಗ ಎಂದೇ. ಈಗ ಹಾಗೆ ಕೂಗಿ ಕರೆಯುವುದು ಅಲ್ಲಿ ಮರ್ಯಾದೆಯಲ್ಲ, 'ಮೊಸ್ಯೊ' ಎನ್ನಬೇಕು. ನಮ್ಮಲ್ಲಿ ಆ ಕಾಲ ಯಾವಾಗ ಬರುತ್ತದೋ, ಅದು ಬೇರೆ ಭಾಷಣ.

ಕಷ್ಟವಿದೆ, ಇಲ್ಲವೆನ್ನುವುದಿಲ್ಲ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಅಲ್ಲಿ 'ನಾನು ಮಾತಾಡುತ್ತೇನೆ', 'ನೀನು ಮಾತಾಡುತ್ತೀಯೆ', 'ಅವರು ಮಾತಾಡುತ್ತಾರೆ' ಎಂಬಲ್ಲಿ ಕ್ರಿಯಾಪದವನ್ನು ಬರೆಯುವುದು ಮೂರು ಬಗೆ, ಬಾಯಲ್ಲಿ ಮೂರೂ 'ಪಾರ್ಲ್' ಎಂದೇ. ಲೆಕ್ಕವಂತೂ ವಿಚಿತ್ರ. 97 ಎನ್ನಲು 'ನಾಲ್ಕು ಇಪ್ಪತ್ತು ಹದಿನೇಳು' ಎಂದು ಹೇಳಬೇಕು. ಹೀಗೆ ಬಿಲ್ಲು ಕೂಗಿದರೆ ನಮ್ಮ ಗಲ್ಲಾಪೆಟ್ಟಿಗೆಯ ಯಜಮಾನರು ಎದ್ದು ಓಡಿಯಾರು. ಜೀವವಿಲ್ಲದ ವಸ್ತುವಿಗೂ ಲಿಂಗವುಂಟು. ಚಹಾ ಗಂಡು, ಕಾಫಿ ಗಂಡು, ಮೇಜು ಕುರ್ಚಿಗಳು ಹೆಣ್ಣು.

ಆದರೆ ಇದಕ್ಕೆ ನಾವು ಹೆದರಬೇಕೆ? ಚಹಾ ಮರಾಠಿಯಲ್ಲಿ ಗಂಡು, ಹಿಂದಿಯಲ್ಲಿ ಹೆಣ್ಣು. ಯಾವ ಪುಸ್ತಕವೂ ಇಲ್ಲದೆ ಎರಡನ್ನೂ ಕಲಿತು ಗಿರಾಕಿಗಳನ್ನು ಸಂಭಾಳಿಸಿದವರು ಈ ಸಭೆಯಲ್ಲಿಯೇ ಎಷ್ಟು ಮಂದಿ! ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ ಆಡುವ ಮಕ್ಕಳು ನಮ್ಮವರು. ನೀನು, ನೀವು ಎಂಬ ಭೇದ ಇಂದಿನ ಇಂಗ್ಲಿಷಿನಲ್ಲಿಲ್ಲ. ಫ್ರೆಂಚಿನಲ್ಲಿದೆ, ಕನ್ನಡದಲ್ಲಿಯೂ ಇದೆ. ಅದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಹುಡುಗಿ ಸೋತದ್ದೆಲ್ಲಿ? ಆರಂಭದ ತರಗತಿ ಎಂದು ಹೆಸರು. ಆದರೆ ಅಲ್ಲಿ ಕುಳಿತವರಲ್ಲಿ ಅನೇಕರು ಇಂಗ್ಲಿಷ್ ಶಾಲೆಯಲ್ಲಿ ಫ್ರೆಂಚನ್ನು ಮೂರು ನಾಲ್ಕು ವರ್ಷ ಓದಿ ಬಂದವರು. ಅಧ್ಯಾಪಕರು ಪ್ರಶ್ನೆ ಕೇಳುವಷ್ಟರಲ್ಲಿ ಅವರು ಉತ್ತರಿಸಿಬಿಡುತ್ತಾರೆ. ಅರ್ಥವಾಗದುದನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ. ಕನ್ನಡ ಶಾಲೆಯಿಂದ ಹೋದವಳಿಗೆ ಹೊರೆ ಎರಡು. ಇದು ಬುದ್ಧಿಯ ಕೊರತೆಯಲ್ಲ, ತಡವಾಗಿ ಹೊರಟ ರೈಲು.

ಎರಡನೆಯದು ಮನೆ. ಭಾಷೆಯನ್ನು ಬಾಯಿಬಿಟ್ಟು ಓದಬೇಕು. 'ಈ' ಎನ್ನುವಂತೆ ನಾಲಿಗೆ ಇಟ್ಟು, 'ಊ' ಎನ್ನುವಂತೆ ತುಟಿ ಸುತ್ತಿದರೆ ಬರುವ ಒಂದು ಸ್ವರವಿದೆ. ನೂರು ಸಲ ಹೇಳದೆ ಬಾರದು. ಹತ್ತಡಿಯ ಖೋಲಿಯಲ್ಲಿ, ರಾತ್ರಿ ಪಾಳಿ ಮುಗಿಸಿದ ಅಪ್ಪ ಮಲಗಿರುವಾಗ, ಅವಳು ಎಲ್ಲಿ ಹೇಳಬೇಕು? ಸಂಡಾಸಿನ ಸಾಲಿನಲ್ಲಿ ನಿಂತು ಗೊಣಗುತ್ತಾಳಂತೆ. ನೆರೆಯವರು ನಗುತ್ತಾರೆ.

ಕೆಲಸ ಸಿಗುತ್ತದೆಯೆ ಎಂದು ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದು ವರ್ಷದ ಕಲಿಕೆಗೆ ಯಾರೂ ಕೆಲಸ ಕೊಡುವುದಿಲ್ಲ, ಸುಳ್ಳು ಆಸೆ ಬೇಡ. ಯುರೋಪಿನ ಲೆಕ್ಕದಲ್ಲಿ ಭಾಷೆಗೆ ಆರು ಮೆಟ್ಟಿಲು. ನಾಲ್ಕನೆಯದಕ್ಕೆ ಬಂದರೆ ಅನುವಾದ, ಪ್ರವಾಸದ ಕಚೇರಿ, ವಿದೇಶೀ ಗಿರಾಕಿಗಳೊಡನೆ ಮಾತಾಡುವ ಕೆಲಸಗಳ ಬಾಗಿಲು ತಟ್ಟಬಹುದು. ಫ್ರೆಂಚ್ ಸರಕಾರದ 'ದೆಲ್ಫ್' ಎಂಬ ಪರೀಕ್ಷೆಯಿದೆ, 1985ರಿಂದ ನಡೆದು ಬಂದಿದೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಒಂದೊಂದಕ್ಕೂ 25 ಅಂಕ. ಒಟ್ಟು ನೂರರಲ್ಲಿ 50 ಬಂದರೆ ತೇರ್ಗಡೆ, ಆದರೆ ಯಾವುದರಲ್ಲಿಯೂ 5ಕ್ಕಿಂತ ಕಡಿಮೆಯಾಗಕೂಡದು. ಆ ಪ್ರಮಾಣಪತ್ರ ಜೀವಮಾನವಿಡೀ ನಡೆಯುತ್ತದೆ. ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಏನೂ ಬಾರದವರನ್ನೂ ಫ್ರೆಂಚ್ ಪದವಿಗೆ ಸೇರಿಸಿಕೊಳ್ಳುತ್ತಾರೆ. ನಮ್ಮ ಮಕ್ಕಳಿಗೆ ಇದು ತಿಳಿದಿರಲಿ.

ಈಗ ನನ್ನ ಬೇಡಿಕೆ. ಸಂಘದ ಹಿಂದಿನ ಕೋಣೆ ಬೆಳಗ್ಗೆ ಆರರಿಂದ ಎಂಟರವರೆಗೆ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಕೇರಂ ಬೋರ್ಡು, ಹಳೆಯ ಬ್ಯಾನರುಗಳು, ಒಂದು ಮೇಜು. ಓದುವ ಮಕ್ಕಳಿಗೆ ಆ ಎರಡು ಗಂಟೆ ಕೊಡಿ, ಗಟ್ಟಿಯಾಗಿ ಓದಲಿ. ದೀಪದ ಖರ್ಚನ್ನು ಕಲ್ಯಾಣನಿಧಿಯಿಂದ ಕೊಡಬೇಕೆಂದು ಠರಾವು ಮಂಡಿಸುತ್ತಿದ್ದೇನೆ. ಬೀಗದ ಕೈ ಒಬ್ಬರು ಇಟ್ಟುಕೊಳ್ಳಬೇಕು. ಬೆಳಗಿನ ಪಾಳಿಯವರು ಆಗದು, ಮಧ್ಯಾಹ್ನದ ಪಾಳಿಯವರಲ್ಲಿ ಯಾರು ಒಪ್ಪುತ್ತೀರಿ, ಕೈ ಎತ್ತಿ.